ಆಟದ ಬ್ಯಾಗು ಹೆಗಲಿಗೆ ಭಾರವಾಗದಿರಲಿ

ಗಾಜನೂರಿನಿಂದ ಶಿವಮೊಗ್ಗಕ್ಕೆ ಕ್ರಿಕೆಟ್ ಪ್ರಾಕ್ಟೀಸಿಗೆ ಹೋಗುವ ಮಗನ ಬೆನ್ನಿಗೆ ಸ್ಕೂಲ್ ಬ್ಯಾಗು, ಹೆಗಲಿಗೆ ಕಿಟ್ ಬ್ಯಾಗು. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಭದ್ರಾವತಿ ಪಕ್ಕದಲ್ಲೇ ಇರುವಾಗ ಮಕ್ಕಳಿಗೆ ಕ್ರಿಕೆಟ್ ಹುಚ್ಚು ಸಹಜ ಬಿಡಿ. ಆದರೆ ಸಂಜೆ ಬಂದು "ಅಮ್ಮಾ, ಹೆಗಲು ನೋವು" ಅಂದರೆ "ಆಡಿದ್ದು ಜಾಸ್ತಿಯಾಯ್ತು" ಎಂದು ಸುಮ್ಮನಾಗಬೇಡಿ. ತಪ್ಪು ಬ್ಯಾಗಿನದೂ ಇರಬಹುದು!

6ರಿಂದ 8ನೇ ತರಗತಿಯವರ ಸ್ಕೂಲ್ ಬ್ಯಾಗು 3ರಿಂದ 4 ಕೆ.ಜಿ. ಮೀರಬಾರದೆಂದು ನಮ್ಮ ರಾಜ್ಯ ಸರ್ಕಾರ 2019ರಲ್ಲೇ ಆದೇಶಿಸಿದೆ. ಪ್ಯಾಡು, ಬ್ಯಾಟು, ಹೆಲ್ಮೆಟ್ಟಿನ ಭಾರ ಈ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ನೋಡಬೇಕಾದವರು ನಾವೇ ಅಲ್ವಾ?

ಹೊಸ ದಿಂಬಿನ ಗುಟ್ಟು

ಪದರದ ಮೇಲೆ ಪದರ ಕಟ್ಟಿ ವಸ್ತು ತಯಾರಿಸುವ ತ್ರೀಡಿ ಪ್ರಿಂಟಿಂಗ್ ಈಗ ಬ್ಯಾಗಿಗೂ ಬಂದಿದೆ. ಅಮೆರಿಕದ ಆಸ್‌ಪ್ರೆ ಕಂಪನಿ 2022ರಲ್ಲಿ ಚಾರಣದ ಬ್ಯಾಗೊಂದಕ್ಕೆ ಸೊಂಟಕ್ಕೆ ಒರಗುವ ದಿಂಬನ್ನು ಹೀಗೆ ಮಾಡಿತು. ಅದು ಸ್ಪಂಜಿನ ತುಂಡಲ್ಲ, ಜೇನುಗೂಡಿನಂಥ ಜಾಲರಿ. ಎಳೆಗಳು ಒತ್ತಾಗಿರುವಲ್ಲಿ ಗಟ್ಟಿ, ವಿರಳವಾಗಿರುವಲ್ಲಿ ಮೆತ್ತಗೆ. ಒಂದೇ ತುಂಡಿನಲ್ಲಿ ಎರಡೂ! ಜಾಲರಿಯ ನಡುವೆ ಗಾಳಿಯೂ ಆಡುತ್ತದೆ, ಬೆವರು ಕಡಿಮೆ. ಬೆಲೆ ಮಾತ್ರ ಆಗ 700 ಡಾಲರ್ ಇತ್ತು!

ಗಾಬರಿಯಾಗಬೇಡಿ. ಭಾರ ಒಂದೇ ಜಾಗಕ್ಕೆ ಒತ್ತಬಾರದು, ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕು, ಬೆನ್ನಿಗೆ ಗಾಳಿ ಸಿಗಬೇಕು. ಅದರ ಗುಟ್ಟು ಇಷ್ಟೇ. ಇದನ್ನು ಮನೆಯಲ್ಲೇ ಸಾಧಿಸಬಹುದು.

ಹೀಗೆ ಮಾಡಿ ನೋಡಿ

* ಮಗು ತೂಕದ ಯಂತ್ರದ ಮೇಲೆ ಎರಡೂ ಬ್ಯಾಗು ಹೊತ್ತು ಒಮ್ಮೆ, ಹೊರದೆ ಒಮ್ಮೆ ನಿಲ್ಲಲಿ. ವ್ಯತ್ಯಾಸವೇ ಭಾರ. ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಕಡಿಮೆ ಮಾಡಿ. ಪ್ರಾಕ್ಟೀಸಿನ ದಿನ ಬೇಡದ ಪುಸ್ತಕ ಮನೆಯಲ್ಲೇ ಉಳಿಯಲಿ.

* ಎರಡು ಪಟ್ಟಿಯ, ಸೊಂಟಕ್ಕೆ ಬೆಲ್ಟ್ ಇರುವ ಕಿಟ್ ಬ್ಯಾಗು ಕೊಳ್ಳಿ. ಬೆಲ್ಟ್ ಬಿಗಿದೇ ಹೊರಡಲಿ.

* ಭಾರದ ಸಾಮಾನು ಬೆನ್ನಿಗೆ ಹತ್ತಿರ, ಹಗುರವಾದದ್ದು ಹೊರಭಾಗಕ್ಕೆ.

* ಪಟ್ಟಿ ಕಿರಿದಾಗಿದ್ದರೆ ಹಳೆಯ ದಪ್ಪ ಟವೆಲ್ ಮಡಚಿ, ನಾಲ್ಕು ಬೆರಳಗಲದ ಕವರ್ ಹೊಲಿದು ಹಾಕಿ. ಅಗಲವಾದಷ್ಟೂ ಒತ್ತಡ ಹಂಚಿಹೋಗುತ್ತದೆ.

ಹೆಗಲ ಮೇಲೆ ಕೆಂಪು ಗೆರೆ ಮೂಡುತ್ತಿದ್ದರೆ ಪಟ್ಟಿ ಸರಿಪಡಿಸಿ. ಕೈ ಜೋಮು ಹಿಡಿದರೆ, ನೋವು ಉಳಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಬ್ಯಾಗು ಬದಲಾಯಿಸಬಹುದು, ಬೆಳೆಯುವ ಬೆನ್ನನ್ನು ಬದಲಾಯಿಸಲು ಆಗುತ್ತದೆಯೇ?