ಮಕ್ಕಳಿರುವ ಮನೆಗೆ ಎಂಥ ನಾಯಿ?

ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರದ ದಾಸ್ತಾನು, ಮೈಲುತುತ್ತದ ದರ ವಿಚಾರಿಸಿದ ಮೇಲೆ ಈಚೆಗೆ ಇನ್ನೊಂದು ಮಾತನ್ನೂ ಕೇಳುತ್ತಿದ್ದಾರೆ. "ಸೆಕ್ರೆಟರಿಯವರೇ, ಒಂದು ಒಳ್ಳೆ ಜಾತಿ ನಾಯಿ ಎಲ್ಲಿ ಸಿಗುತ್ತೆ? ಸ್ವಲ್ಪ ಜೋರಾಗಿರಬೇಕು." ಕಾಫಿ, ಅಡಿಕೆಗೆ ಬೆಲೆ ಬಂದಂತೆ ಕಣದ ಕಾವಲಿನ ಚಿಂತೆಯೂ ಬಂದಿದೆ. ಒಂಟಿ ಮನೆಗಳೇ ಹೆಚ್ಚಾಗಿರುವ ನಮ್ಮ ಮಲೆನಾಡಿನಲ್ಲಿ ಇದು ಸಹಜವೇ. ಆದರೆ ಹೀಗೆ ಕೇಳುವವರ ಮನೆಯಲ್ಲಿ ಎರಡು ಮೂರು ವರ್ಷದ ಮಗುವೋ ಮೊಮ್ಮಗುವೋ ಇರುತ್ತದೆ. ಲೈನು ಮನೆಯ ಮಕ್ಕಳು ಅದೇ ಅಂಗಳದಲ್ಲಿ ಆಡುತ್ತಿರುತ್ತಾರೆ. ಕಳ್ಳನಿಗೆ ಜೋರಾದ ನಾಯಿ ಮಗುವಿಗೆ ಸಾಧುವಾಗಿರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವೂ ಒಂದು ಕಾಲದಲ್ಲಿ ಕೇಳಿರಲಿಲ್ಲ.

ನಮ್ಮ ಮನೆಯ ಅನುಭವ

ಸುಮಾರು ಹನ್ನೆರಡು ವರ್ಷಗಳ ಹಿಂದೆ ಕೊಯ್ಲಿಗೆ ಮುಂಚೆ ಸಾಕಷ್ಟು ಹಣ ಕೊಟ್ಟು ಒಂದು ಜರ್ಮನ್ ಶೆಫರ್ಡ್ ಮರಿ ತಂದೆವು. ನಮ್ಮ ಕಡೆ ಅದನ್ನು ಅಲ್ಸೇಶಿಯನ್ ಎನ್ನುವುದೇ ರೂಢಿ. ಹಗಲೆಲ್ಲ ಕಣದ ಮೂಲೆಯಲ್ಲಿ ಸರಪಳಿ, ರಾತ್ರಿ ಬಿಡುವುದು. ಕಟ್ಟಿ ಹಾಕಿದರೆ ನಾಯಿ ಜೋರಾಗುತ್ತದೆ ಎಂಬ ಹಳೆಯ ಮಾತನ್ನು ನಂಬಿದ್ದೆವು. ಜೋರೇನೋ ಆಯಿತು. ಎರಡನೆಯ ವರ್ಷ ಕೊಯ್ಲಿನ ಕಾಲದಲ್ಲಿ ನಮ್ಮ ತೋಟದ ಕೆಲಸಗಾರರೊಬ್ಬರ ನಾಲ್ಕು ವರ್ಷದ ಮಗಳು ಉರುಳಿಹೋದ ಚೆಂಡನ್ನು ಹೆಕ್ಕಲು ಸರಪಳಿಯ ಅಳತೆಯೊಳಗೆ ಹೋದಳು. ನಾಯಿ ಅವಳ ತೋಳಿಗೂ ಕೆನ್ನೆಗೂ ಕಚ್ಚಿತು.

ಗಾಯ ತೊಳೆದು, ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಕೊಡಿಸಿದೆವು. ಗಾಯ ಮಾಯಿತು. ಆ ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಕೆನ್ನೆಯ ಮೇಲಿನ ಗುರುತು ಇನ್ನೂ ಇದೆ. ಅಂದು ತಪ್ಪು ನಾಯಿಯದೆಂದೆವು. ನಾಯಿಯನ್ನು ಆರಿಸಿದವರು, ಕಟ್ಟಿದವರು, ಮಕ್ಕಳು ಆಡುವ ಜಾಗದಲ್ಲೇ ಕಟ್ಟಿದವರು ನಾವು. ತಪ್ಪು ನಮ್ಮದು. ಆ ಮೇಲೆ ಓದಿ, ಪಶುವೈದ್ಯರನ್ನು ಕೇಳಿ ತಿಳಿದದ್ದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಜಾತಿ ಎಷ್ಟು ಮುಖ್ಯ?

ನಾಯಿಯ ಜಾತಿ ಅದರ ಗಾತ್ರ, ಕೂದಲು, ಮೈಕಟ್ಟು, ಬರಬಹುದಾದ ಕಾಯಿಲೆ ಇವನ್ನು ಚೆನ್ನಾಗಿ ಹೇಳುತ್ತದೆ. ಸ್ವಭಾವವನ್ನು ಅಷ್ಟಾಗಿ ಹೇಳುವುದಿಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳು 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಪ್ರಕಟಿಸಿದರು. ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಜಾತಿಯ ಪಾಲು ಶೇಕಡ 9ರಷ್ಟು ಮಾತ್ರ ಎಂದು ಕಂಡುಬಂತು. ಉಳಿದದ್ದು ಆಯಾ ನಾಯಿಯ ಹುಟ್ಟುಗುಣ ಮತ್ತು ಅದು ಬೆಳೆದ ರೀತಿ.

ಬೆಳೆಯುವ ರೀತಿಯಲ್ಲಿ ಮೊದಲ ಕೆಲವು ವಾರಗಳೇ ಮುಖ್ಯ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಅನೇಕ ವರ್ಷ ಪ್ರಯೋಗ ನಡೆಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಸುಮಾರು 3ರಿಂದ 12 ವಾರದೊಳಗೆ ಮನುಷ್ಯರ ಒಡನಾಟ ಕಂಡ ಮರಿ ಮನುಷ್ಯರಿಗೆ ಒಗ್ಗುತ್ತದೆ. ಕಾಣದ ಮರಿಗೆ ಜೀವನವಿಡೀ ಅಂಜಿಕೆ. ಅಂಜುವ ನಾಯಿಯೇ ಕಚ್ಚುವ ನಾಯಿ ಎಂಬುದನ್ನು ನೆನಪಿಡಬೇಕು. ಹಾಗೆಂದು ಕಣ್ಣು ಬಿಟ್ಟ ಕೂಡಲೇ ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. 2017ರ ಕೇಂದ್ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 8ನೇ ವಾರಕ್ಕೆ ತಂದು ಮುಂದಿನ ಒಂದು ತಿಂಗಳು ಮನೆಯವರು, ಮಕ್ಕಳು, ಕೆಲಸಗಾರರು, ದನ, ಕೋಳಿ, ಪಲ್ಪರಿನ ಸದ್ದು ಎಲ್ಲವನ್ನೂ ಹೆದರಿಸದೆ ಪರಿಚಯ ಮಾಡಿಸಬೇಕು.

ನಾವು ಕಾಣುವ ಜಾತಿಗಳು

ಲ್ಯಾಬ್ರಡಾರ್: ಮೂಲ ಕೆನಡದ ನ್ಯೂಫೌಂಡ್‌ಲ್ಯಾಂಡ್ ಬೆಸ್ತರ ನಾಯಿ, ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕಿಯನ್ನು ಹೆಕ್ಕಿ ತರಲು ಬೆಳೆಸಿದರು. ಸಾಮಾನ್ಯವಾಗಿ ಮಕ್ಕಳೊಡನೆ ಹೊಂದುತ್ತದೆ. ಆದರೆ 25ರಿಂದ 35 ಕಿಲೋ ತೂಗುವ ನಾಯಿ ಒಂದು ವರ್ಷದ ಪ್ರಾಯದಲ್ಲಿ ಪ್ರೀತಿಯಿಂದಲೇ ಮಗುವನ್ನು ಕೆಡವುತ್ತದೆ. ತಿಂದಷ್ಟೂ ತಿನ್ನುವ ಪ್ರಾಣಿ. ಬೊಜ್ಜು ಬಂದರೆ ಸೊಂಟದ ಕೀಲು ಕೆಡುತ್ತದೆ.

ಜರ್ಮನ್ ಶೆಫರ್ಡ್: ಕುರಿ ಕಾಯಲು ಬೆಳೆಸಿದ, ಬುದ್ಧಿವಂತ, ಕೆಲಸ ಬೇಡುವ ನಾಯಿ. ದಿನವೂ ಒಂದು ಗಂಟೆ ಅದಕ್ಕಾಗಿ ಕೊಡಬಲ್ಲವರಿಗೆ ಮಾತ್ರ. ಕಟ್ಟಿ ಹಾಕಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇವೆ.

ಮುಧೋಳ: ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. ಗುಟ್ಟಾದ ಕಾಯಿಲೆಗಳು ಕಡಿಮೆ, ಕೂದಲು ತೆಳು. ಆದರೆ ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯಲು ಹುಟ್ಟಿದ ನಾಯಿ. ಓಡಲು ಜಾಗ ಬೇಕು, ನೆರೆಮನೆಯ ಕೋಳಿಗೆ ಅಪಾಯ. ಮನೆಯವರಿಗೆ ಮೃದು, ಹೊರಗಿನವರೊಡನೆ ಬಿಗಿ. ಪದೇ ಪದೇ ಕೈಹಾಕುವ ಎಳೆ ಮಗು ಇದಕ್ಕೆ ಹಿಡಿಸದು.

ಪಮೇರಿಯನ್: ನಮ್ಮಲ್ಲಿ ಈ ಹೆಸರಿನಿಂದ ಸಾಕುವುದು ಬಹುಪಾಲು ಇಂಡಿಯನ್ ಸ್ಪಿಟ್ಜ್. ಚುರುಕು, ಸಣ್ಣ ಸದ್ದಿಗೂ ಬೊಗಳುತ್ತದೆ, ಖರ್ಚು ಕಡಿಮೆ. ಎತ್ತಿ ಹಿಂಡುವ ವಯಸ್ಸಿನ ಮಗುವಿಗೆ ಬೇಡ, ನೋವಾದರೆ ಕಚ್ಚುತ್ತದೆ. ಆರೇಳು ವರ್ಷದ ಮಕ್ಕಳಿಗೆ ಒಳ್ಳೆಯದು.

ಪಗ್ ಮುಂತಾದ ಚಪ್ಪಟೆ ಮೂತಿಯವು: ಮಕ್ಕಳಿಗೆ ಸಾಧು, ಆದರೆ ಹುಟ್ಟಿನಿಂದಲೇ ಉಸಿರಾಟದ ತೊಂದರೆ, ಬಿಸಿಲಿನಲ್ಲಿ ಓಡಿದರೆ ಪ್ರಾಣಕ್ಕೇ ಅಪಾಯ. ಹಸ್ಕಿ, ಸೇಂಟ್ ಬರ್ನಾರ್ಡ್ ಹಿಮದ ನಾಡಿನವು. ಅವನ್ನು ಇಲ್ಲಿ ತರುವುದು ಪ್ರಾಣಿಗೂ ಶಿಕ್ಷೆ.

ರಾಟ್‌ವೀಲರ್, ಪಿಟ್‌ಬುಲ್: 2024ರ ಮಾರ್ಚಿಯಲ್ಲಿ ಕೇಂದ್ರ ಇಲಾಖೆ ಇವೂ ಸೇರಿ 23 ಜಾತಿಗಳನ್ನು ತಡೆಯುವಂತೆ ಸುತ್ತೋಲೆ ಕಳಿಸಿತ್ತು, ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ಕಾನೂನಿನ ಮಾತು ಹಾಗಿರಲಿ. ಇವುಗಳ ದವಡೆಯ ಬಲಕ್ಕೆ ಒಂದು ತಪ್ಪೂ ದೊಡ್ಡದೇ. ಮಕ್ಕಳಿರುವ ಅಂಗಳಕ್ಕೆ ಬೇಡ.

ಊರ ನಾಯಿ: ಕಂತ್ರಿ ಎಂದು ತಾತ್ಸಾರ ಮಾಡುತ್ತೇವೆ. ನಮ್ಮ ಮಳೆ, ನಮ್ಮ ಅನ್ನಕ್ಕೆ ಒಗ್ಗಿದ, ಹದವಾದ ಗಾತ್ರದ, ಹಣ ಬೇಡದ ನಾಯಿ. ಸಾಧು ತಾಯಿಯ ಮರಿಯನ್ನು ಎಂಟು ವಾರಕ್ಕೆ ತಂದು ಮನೆಮಂದಿಯ ನಡುವೆ ಬೆಳೆಸಿದರೆ ಹೆಚ್ಚಿನ ಸದಸ್ಯರಿಗೆ ಇದೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಮರಿ ಆರಿಸುವಾಗ

ತಾಯಿಯನ್ನು ನೋಡದೆ ಮರಿ ತರಬೇಡಿ. ನೀವು ಹತ್ತಿರ ಹೋದಾಗ ತಾಯಿ ಬಾಲ ಮಡಚಿ ಗುರುಗುಟ್ಟಿದರೆ ಬೇರೆ ಮನೆ ನೋಡಿ. ಮರಿಗಳ ನಡುವೆ ನೆಲದ ಮೇಲೆ ಕೂತುಕೊಳ್ಳಿ. ಮೂಲೆ ಸೇರುವ ಮರಿಯೂ ಬೇಡ, ಉಳಿದವನ್ನೆಲ್ಲ ತುಳಿದು ಬರುವ ಮರಿಯೂ ಬೇಡ. ಚಪ್ಪಾಳೆ ತಟ್ಟಿದರೆ ಬೆಚ್ಚಿ, ಮರುಕ್ಷಣ ಮೂಸಿ ನೋಡಲು ಬರುವುದನ್ನು ಆರಿಸಿ. ಮಗು ಇನ್ನೂ ಅಂಬೆಗಾಲಿಡುತ್ತಿದ್ದರೆ ಒಂದೆರಡು ವರ್ಷ ಕಾಯುವುದೇ ಲೇಸು.

ತೋಟದ ಮನೆಗೆ ವಿಶೇಷ ಎಚ್ಚರಿಕೆ

ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ರುಚಿ, ಅಷ್ಟೇ ಘೋರ ವಿಷ. ಇಲಿ ಪಾಷಾಣವೂ ಹಾಗೆಯೇ. ಮೈಲುತುತ್ತದ ಡ್ರಮ್ಮು ಮುಚ್ಚಿಡಿ. ಕಾಫಿ ಬೀಜದ ಕೆಫೀನೂ ನಾಯಿಗೆ ಆಗದು. ಕಾಡು ಸುತ್ತಿ ಬಂದ ನಾಯಿ ಉಣುಗನ್ನು ಮನೆಗೆ ತರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇರುವ ಪ್ರದೇಶದವರು ಮಗುವಿನ ಹಾಸಿಗೆಯ ಬಳಿ ನಾಯಿಯನ್ನು ಬಿಡಬಾರದು. ಮರಿಯ ಹೊಟ್ಟೆಯ ಜಂತುಹುಳು ಮಣ್ಣಿನ ಮೂಲಕ ಮಕ್ಕಳಿಗೂ ದಾಟುತ್ತದೆ. ಪಶುವೈದ್ಯರು ಹೇಳಿದಂತೆ ತಪ್ಪದೆ ಔಷಧಿ ಹಾಕಿಸಿ. ಚಿರತೆಯ ಓಡಾಟವಿರುವಲ್ಲಿ ರಾತ್ರಿ ನಾಯಿಯನ್ನು ಕಟ್ಟಿ ಹೊರಗೆ ಬಿಡುವುದು ಅದನ್ನು ಬಲಿ ಕೊಟ್ಟಂತೆ.

ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ ಒಮ್ಮೆ, ಬಳಿಕ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ಲೈನು ಮನೆಯ ನಾಯಿಗಳನ್ನೂ ಕರೆದೊಯ್ಯಿರಿ.

ಮಕ್ಕಳಿಗೆ ಕಲಿಸಬೇಕಾದದ್ದು

ತಿನ್ನುವ, ಮಲಗಿದ, ಮರಿಯಿರುವ, ಕಟ್ಟಿದ ನಾಯಿಯ ಹತ್ತಿರ ಹೋಗಬಾರದು. ನಾಯಿ ಅಟ್ಟಿದರೆ ಓಡದೆ ನಿಲ್ಲಬೇಕು. ಐದು ವರ್ಷದೊಳಗಿನ ಮಗುವಿಗೆ ಪಾಠ ನಿಲ್ಲುವುದಿಲ್ಲ. ಆದ್ದರಿಂದ ಎಷ್ಟೇ ಸಾಧು ನಾಯಿಯಾದರೂ ಮಗುವಿನೊಡನೆ ಅದನ್ನು ಒಂಟಿಯಾಗಿ ಬಿಡಬೇಡಿ.

ಕಚ್ಚಿದರೆ, ತರಚಿದರೂ ಸಹ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದೆಂಬ ನಮ್ಮ ಕಾಲದ ಹೆದರಿಕೆ ಈಗ ಬೇಡ; ಆ ಹಳೆಯ ಲಸಿಕೆಯ ತಯಾರಿಕೆ 2004ರಲ್ಲೇ ನಿಂತಿದೆ. ಈಗ ತೋಳಿಗೆ ಕೆಲವೇ ಚುಚ್ಚುಮದ್ದು, ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಮಾತ್ರ ಉಳಿಸುವ ಮದ್ದಿಲ್ಲ.

ಕಾವಲಿನ ಮಾತು

ಕಣಕ್ಕೆ ಬೇಕಾದದ್ದು ಬೊಗಳುವ ನಾಯಿ, ಕಚ್ಚುವ ನಾಯಿಯಲ್ಲ. ನಾಯಿ ಎಬ್ಬಿಸಿದರೆ ಸಾಕು. ಉಳಿದ ಕೆಲಸ ದೀಪಕ್ಕೂ ಬೀಗಕ್ಕೂ ನಮಗೂ ಸೇರಿದ್ದು. ಈಗ ನಮ್ಮ ಮನೆಯಲ್ಲಿರುವುದು ಪಕ್ಕದ ತೋಟದಿಂದ ಬುಟ್ಟಿಯಲ್ಲಿ ತಂದ ಊರ ಹೆಣ್ಣುನಾಯಿ. ಸಂತಾನಹರಣ ಮಾಡಿಸಿದ್ದೇವೆ. ಸರಪಳಿ ಇಲ್ಲ, ರಾತ್ರಿ ಜಗಲಿಯ ಸರಳಿನೊಳಗೆ ಮಲಗುತ್ತದೆ. ಗೇಟಿನ ಬಳಿ ಸದ್ದಾದರೆ ಮನೆಯೆಲ್ಲ ಏಳುತ್ತದೆ. ಹಳೆಯ ಸರಪಳಿ ಇನ್ನೂ ಗೋದಾಮಿನ ಮೊಳೆಯಲ್ಲಿದೆ. ಜೋರು ನಾಯಿ ಕೇಳಿಕೊಂಡು ಬರುವ ಸದಸ್ಯರಿಗೆ ಅದನ್ನು ತೋರಿಸಿ, ಮನೆಯಲ್ಲಿ ಮಕ್ಕಳೆಷ್ಟು ಎಂದು ಮೊದಲು ಕೇಳುತ್ತೇವೆ.