ಮರೆವಿನ ಪರೀಕ್ಷೆ ಯಾವ ಭಾಷೆಯಲ್ಲಿ?



ಇತ್ತೀಚೆಗೆ 79 ವರ್ಷದ ನನ್ನ ಅಕ್ಕನನ್ನು ಮರೆವಿನ ತಪಾಸಣೆಗೆ ಕರೆದೊಯ್ದಿದ್ದೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುವಿರಿ ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕ ಐದು ಹೇಳಿ ಸುಮ್ಮನಾದಳು. ಮನೆಗೆ ಬಂದು ನಾನು ಕನ್ನಡದಲ್ಲಿ ಕೇಳಿದೆ. ಆಕಳ, ಎಮ್ಮಿ, ಹೋರಿ, ಟಗರು ಎನ್ನುತ್ತ ಹದಿನಾಲ್ಕಕ್ಕೆ ಮುಟ್ಟಿದಳು. ಎರಡನೇ ಸಲ ಕೇಳಿದ್ದು, ಮನೆಯ ಧೈರ್ಯ ಎಲ್ಲವೂ ಸೇರಿರಬಹುದು. ಆದರೂ ಮರಾಠಿ ಅವಳಿಗೆ ಬಜಾರಿನ ಭಾಷೆ. ದನ ಕಾಯ್ದದ್ದು ಕನ್ನಡದಲ್ಲಿ.

ಮಾತಿನ ಮೇಲೆ ಇಷ್ಟೊಂದು ಗಮನ ಏಕೆ? ಒಂದು ವಾಕ್ಯ ಆಡಬೇಕಾದರೆ ನೆನಪು, ಗಮನ, ಪದಗಳ ಹುಡುಕಾಟ, ಜೋಡಣೆ ಎಲ್ಲವೂ ಒಟ್ಟಿಗೆ ಕೆಲಸ ಮಾಡಬೇಕು. ಅಲ್‌ಝೈಮರ್ ಕಾಯಿಲೆಯಲ್ಲಿ ಪದ ಸಿಗದೆ ತಡವರಿಸುವುದು ಬೇಗನೆ ಕಾಣಿಸಿಕೊಳ್ಳಬಹುದು. ವಸ್ತುವಿನ ಹೆಸರಿನ ಬದಲು ‘ಅದೇ, ಅದು’ ಎಂಬುದು ಹೆಚ್ಚುತ್ತದೆ, ನಡುವಿನ ಮೌನ ಉದ್ದವಾಗುತ್ತದೆ. ಈಗ ಧ್ವನಿಮುದ್ರಿಕೆಯಿಂದ ಕಂಪ್ಯೂಟರ್ ಇದನ್ನೆಲ್ಲ ಅಳೆಯುವ ಸಂಶೋಧನೆ ನಡೆದಿದೆ. ಬ್ರಿಟನ್ನಿನ ಕಾದಂಬರಿಗಾರ್ತಿ ಐರಿಸ್ ಮುರ್ಡೋಕ್ ಅವರ ಕೊನೆಯ ಕಾದಂಬರಿ ಬಂದದ್ದು 1995ರಲ್ಲಿ. ಕಾಯಿಲೆ ಗೊತ್ತಾದದ್ದು ಅದರ ನಂತರ. ಆದರೆ ಹಿಂದಿನ ಕೃತಿಗಳ ಜೊತೆ ಹೋಲಿಸಿದಾಗ ಆ ಕಾದಂಬರಿಯಲ್ಲೇ ಪದಸಂಪತ್ತು ಕುಗ್ಗಿದ್ದು ಕಂಡಿತು!

ಇನ್ನು ಇಇಜಿ. ತಲೆಗೆ ತಂತಿ ಅಂಟಿಸುತ್ತಾರೆ ಎಂದು ನಮ್ಮ ಹಿರಿಯರು ಹೆದರುತ್ತಾರೆ. ಅದು ತಲೆಗೆ ಕರೆಂಟ್ ಬಿಡುವುದಿಲ್ಲ, ಮಿದುಳಿನದೇ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ, ಅಷ್ಟೇ. ಎಚ್ಚರವಿದ್ದು ಕಣ್ಣು ಮುಚ್ಚಿದಾಗ ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 12 ಅಲೆಗಳು ಕಾಣುತ್ತವೆ. ಅಲ್‌ಝೈಮರ್‌ನಲ್ಲಿ ಈ ಲಯ ನಿಧಾನವಾಗುತ್ತದೆ. ನಿದ್ದೆಗೆಟ್ಟರೂ, ಕೆಲವು ಔಷಧಿಗಳಿಂದಲೂ ಅಲೆ ಬದಲಾಗುವುದರಿಂದ ಇದೊಂದರಿಂದಲೇ ಯಾರೂ ತೀರ್ಮಾನಿಸುವುದಿಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಮತ್ತು ಅವುಗಳಿಗೆ ಚಿಕಿತ್ಸೆ ಇದೆ. ಕಿವಿ ಮಂದವಾದವರು ಪ್ರಶ್ನೆಯೇ ಕೇಳಿಸದೆ ತಪ್ಪು ಉತ್ತರ ಕೊಡುವುದೂ ಉಂಟು.

ಗಡಿಯ ನಾವು ಎರಡು ಮೂರು ಭಾಷೆ ಬೆರೆಸಿ ಮಾತನಾಡುವವರು. ಅದು ಕಾಯಿಲೆಯ ಲಕ್ಷಣವಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಕನ್ನಡಶಾಲೆ ಕಾಣದ ನಮ್ಮ ಎಷ್ಟೋ ತಾಯಂದಿರನ್ನು ನೆನೆದು ನನಗೆ ಸಂತೋಷವಾಯಿತು.

ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳ ಭಾಷೆಗಳಲ್ಲಿ ಕನ್ನಡವೂ ಒಂದು. ಆದ್ದರಿಂದ ಹೊಸೂರು, ಕಾಸರಗೋಡು, ಸೊಲ್ಲಾಪುರ, ಆದೋನಿ ಎಲ್ಲೇ ಇರಲಿ, ಹಿರಿಯರನ್ನು ಕರೆದೊಯ್ದಾಗ ಮನೆಮಾತು ಕನ್ನಡ ಎಂದು ಮೊದಲೇ ತಿಳಿಸಿ, ಚೀಟಿಯಲ್ಲಿ ಬರೆಸಿ. ಕನ್ನಡ ಬಲ್ಲ ವೈದ್ಯರಿದ್ದಾರೆಯೇ ವಿಚಾರಿಸಿ. ಜೊತೆಗಿರುವವರು ಉತ್ತರ ಹೇಳಿಕೊಡಬಾರದು. ನಾನು ‘ಆನೆ’ ಎಂದು ಪಿಸುಗುಟ್ಟಿ ಬೈಸಿಕೊಂಡಿದ್ದೇನೆ.

ಅಕ್ಕನ ಮರುತಪಾಸಣೆ ಮುಂದಿನ ವಾರ ಇದೆ.

— ಕಾರ್ಯದರ್ಶಿ