ಶಾಲೆ ಕೊಡುವ 20 ಅಂಕ, ಪರೀಕ್ಷೆ ಕೇಳುವ 24 ಅಂಕ: ಕೇರಳ ಎಸೆಸೆಲ್ಸಿಯ ಹೊಸ ಲೆಕ್ಕ ಏನು?

ಸುಲ್ತಾನ್ ಬತ್ತೇರಿ: ಕೇರಳದ ಎಸೆಸೆಲ್ಸಿಯಲ್ಲಿ ಮಕ್ಕಳಿಗೆ ಅಂಕ ಎರಡು ಕಡೆಯಿಂದ ಬರುತ್ತದೆ. ಒಂದು, ವರ್ಷದ ಕೊನೆಯ ಲಿಖಿತ ಪರೀಕ್ಷೆ. ಇನ್ನೊಂದು, ವರ್ಷವಿಡೀ ಮಾಡಿದ ಪ್ರಾಜೆಕ್ಟ್, ತರಗತಿ ಚಟುವಟಿಕೆ ನೋಡಿ ಶಾಲೆಯೇ ಕೊಡುವ ನಿರಂತರ ಮೌಲ್ಯಮಾಪನದ ಅಂಕ. ಎಲ್ಲರೂ 'ಸಿಇ ಮಾರ್ಕ್' ಅನ್ನುವುದು ಇದನ್ನೇ. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನಕ್ಕೆ 80 ಅಂಕ ಲಿಖಿತ, 20 ಅಂಕ ಸಿಇ.

ಹಳೆಯ ಲೆಕ್ಕ

ಪಾಸಾಗಲು ಪ್ರತಿ ವಿಷಯದಲ್ಲಿ ಡಿ ಪ್ಲಸ್, ಅಂದರೆ ಶೇ. 30 ಬೇಕು. ಹೆಚ್ಚಿನ ಶಾಲೆಗಳು ಸಿಇಯಲ್ಲಿ ಪೂರ್ತಿ ಅಂಕ ಕೊಟ್ಟುಬಿಡುತ್ತವೆ ಎಂಬ ದೂರು ಹಿಂದಿನಿಂದಲೂ ಇದೆ. 20ಕ್ಕೆ 20 ಸಿಕ್ಕಿದರೆ, 80 ಅಂಕದ ಪರೀಕ್ಷೆಯಲ್ಲಿ 10 ಬಂದರೂ ಸಾಕು, ಪಾಸ್. 2024ರಲ್ಲಿ ರಾಜ್ಯದ ಫಲಿತಾಂಶ ಶೇ. 99.69 ಇತ್ತು.

ಬದಲಾಗುತ್ತಿರುವುದೇನು?

2024ರ ಆಗಸ್ಟ್‌ನಲ್ಲಿ ಕೇರಳ ಸಚಿವ ಸಂಪುಟ ಲಿಖಿತ ಪರೀಕ್ಷೆಯಲ್ಲೇ ಶೇ. 30 ಕಡ್ಡಾಯ ಮಾಡಲು ತೀರ್ಮಾನಿಸಿತು. 2024-25ರಲ್ಲಿ 8ನೇ ತರಗತಿ, ಮರುವರ್ಷ 9, 2026-27ರಲ್ಲಿ 10ನೇ ತರಗತಿಗೆ ಇದು ಅನ್ವಯ. ಅಂದರೆ 80ರಲ್ಲಿ 24 ಬರಲೇಬೇಕು. ಸಿಇ ಅಂಕ ಮೊದಲಿನಂತೆ ಸೇರುತ್ತದೆ, ಆದರೆ ಫೇಲಾದವರನ್ನು ದಾಟಿಸುವುದಿಲ್ಲ.

ಬೇರೆ ಕಡೆ ಹೇಗೆ?

ಕೋವಿಡ್‌ನಿಂದ 2021ರಲ್ಲಿ ಪರೀಕ್ಷೆ ರದ್ದಾದಾಗ ಸಿಬಿಎಸ್‌ಇ ಹತ್ತನೇ ತರಗತಿಗೆ ಶಾಲೆಯ ಅಂಕವನ್ನೇ ನಂಬಬೇಕಾಯಿತು. ಆದರೆ ಕಡಿವಾಣ ಹಾಕಿತು. ಹಿಂದಿನ ಮೂರು ವರ್ಷಗಳಲ್ಲಿ ಆ ಶಾಲೆಯ ಅತ್ಯುತ್ತಮ ಫಲಿತಾಂಶ ಯಾವುದೋ, ವಿಷಯದ ಸರಾಸರಿ ಅದರಿಂದ 2 ಅಂಕಕ್ಕಿಂತ ಹೆಚ್ಚು ಆಚೀಚೆ ಹೋಗುವಂತಿರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಅದೇ ವರ್ಷದ ಪರೀಕ್ಷೆಯೇ ಅಳತೆಗೋಲು. ಶಾಲೆ ಸರಾಸರಿ 90 ಕೊಟ್ಟು, ಅದೇ ಮಕ್ಕಳು ಪರೀಕ್ಷೆಯಲ್ಲಿ ಸರಾಸರಿ 70 ತೆಗೆದರೆ, ಶಾಲೆಯ ಸರಾಸರಿಯೂ 70ಕ್ಕೆ ಇಳಿಯುತ್ತದೆ. ಶಾಲೆ ಕೊಟ್ಟ ರ್‍ಯಾಂಕ್ ಮಾತ್ರ ಬದಲಾಗುವುದಿಲ್ಲ. ಧಾರಾಳವಾಗಿ ಕೊಟ್ಟು ಪ್ರಯೋಜನವಿಲ್ಲ.

ಯಾರಿಗೆ ಪೆಟ್ಟು?

ಪ್ರತಿ ವಿಧಾನಕ್ಕೂ ಒಂದು ಕೊರತೆ ಇದೆ. ಹಳೆಯ ಫಲಿತಾಂಶಕ್ಕೆ ಕಟ್ಟಿಹಾಕಿದರೆ, ಹಿಂದುಳಿದ ಶಾಲೆಯಲ್ಲಿ ಈ ಬಾರಿ ಚೆನ್ನಾಗಿ ಕಲಿತ ಮಕ್ಕಳಿಗೆ ಅನ್ಯಾಯ. ಲಿಖಿತ ಪರೀಕ್ಷೆಯೊಂದನ್ನೇ ನೋಡಿದರೆ, ಬರವಣಿಗೆಯಲ್ಲಿ ಹಿಂದುಳಿದವರಿಗೆ ಕಷ್ಟ. ಬತ್ತೇರಿ ಪಕ್ಕದ ನೂಲ್ಪುಳದಂತಹ ಕಡೆ ಕಾಟುನಾಯ್ಕ ಮಕ್ಕಳು ಮನೆಯಲ್ಲಿ ಆಡುವುದು ಕನ್ನಡಕ್ಕೆ ಹತ್ತಿರದ ಮಾತು, ಶಾಲೆಯಲ್ಲಿ ಬರೆಯಬೇಕಾದದ್ದು ಮಲಯಾಳಂ. ಇಂತಹ ಮಕ್ಕಳನ್ನು ಸಿಇ ಅಂಕ ಇಷ್ಟು ದಿನ ದಡ ಸೇರಿಸುತ್ತಿತ್ತು. ಆದರೆ ಓದು ಬರಹ ಸರಿಯಾಗಿ ಬರದೆಯೇ ದಡ ಸೇರಿಸಿದ್ದರಿಂದ ಪ್ಲಸ್ ವನ್‌ನಲ್ಲಿ ಮುಗ್ಗರಿಸುವುದೂ ಅವರೇ.

ಹಾಗಾಗಿ ನಿಯಮ ಬಿಗಿ ಮಾಡಿದರಷ್ಟೇ ಸಾಲದು, ಹಿಂದುಳಿದವರಿಗೆ ವರ್ಷದ ಮೊದಲಿನಿಂದಲೇ ವಿಶೇಷ ತರಗತಿ ಬೇಕು. ಪೋಷಕರು ಕೂಡ ಮಕ್ಕಳ ಒಟ್ಟು ಅಂಕ ನೋಡಿ ಸಮಾಧಾನಪಟ್ಟುಕೊಳ್ಳದೆ, ಓಣಂ ಮತ್ತು ಕ್ರಿಸ್‌ಮಸ್ ಪರೀಕ್ಷೆಯ ಲಿಖಿತ ಅಂಕ ಎಷ್ಟು ಅಂತ ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. 24ರ ಗೆರೆ ಮುಟ್ಟಲು ಇನ್ನೆಷ್ಟು ದೂರ ಅಂತ ಅದರಿಂದಲೇ ಗೊತ್ತಾಗುತ್ತದೆ.